ಏಳೂವರೆಯ ಸೀರಿಯಲ್ಲಿನ ನೆಂಟರು

ನನ್ನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಇವೆರಡೂ ಸೇರಿ, ಸಿಡ್ನಿಯ ನಮ್ಮ ಮನೆಯಲ್ಲಿ ಐದಾರು ತಿಂಗಳು ಒಂದೇ ಸೀರಿಯಲ್ ಎರಡು ಕಥೆಗಳಾಗಿ ಓಡಿತು. ಒಂದು ಟಿವಿಯಲ್ಲಿ, ಇನ್ನೊಂದು ಸೋಫಾದ ಮೇಲೆ.

ಅತ್ತೆ ಉಡುಪಿಯಿಂದ ವಿಸಿಟರ್ ವೀಸಾದಲ್ಲಿ ಬಂದಿದ್ದರು. ನಾವಿರುವುದು ದಿ ಪಾಂಡ್ಸ್ ಎಂಬ ಸಬರ್ಬಿನಲ್ಲಿ. ಗಂಡನದು ಐಟಿ ಕೆಲಸ, ನನ್ನದು ಟೂಂಗಾಬಿಯ ಒಂದು ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್. ಮನೆಮಾತು ತುಳು. ಅತ್ತೆಯ ಮಾತನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಈ ಸಲ ಏನನ್ನೂ ನುಂಗಿಲ್ಲ.

ನಮ್ಮನ್ನು ನೋಡಲು ಬಂದೆ ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ಆದರೆ ಅವರ ಮನಸ್ಸು ಮೆಲ್ಬರ್ನಿನಲ್ಲಿತ್ತು. ಅಲ್ಲಿ ಅವರ ಮಗಳು, ಅಂದರೆ ನನ್ನ ನಾದಿನಿ, ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಐದು ವರ್ಷದ ಹಿಂದೆ ಮಂಗಳೂರಿನಲ್ಲಿ ದೊಡ್ಡ ಹಾಲ್ ಹಿಡಿದು ಅವಳ ಮದುವೆ ಮಾಡಿದ್ದರು. ಆ ಮದುವೆ ಎರಡು ವರ್ಷದ ಹಿಂದೆಯೇ ಮುರಿದುಬಿದ್ದಿತ್ತು. ಅಳಿಯ ಮನೆ ಬಿಟ್ಟುಹೋಗಿದ್ದ, ಡೈವೋರ್ಸೂ ಆಗಿತ್ತು. ಒಂದು ವರ್ಷದಿಂದ ಅವಳು ಬೇರೊಬ್ಬನ ಜೊತೆ, ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಒಬ್ಬ ಆಸ್ಟ್ರೇಲಿಯನ್ ಜೊತೆ, ಮದುವೆಯಾಗದೆ ಒಟ್ಟಿಗೆ ಇದ್ದಳು. ಇದರಲ್ಲಿ ಒಂದಕ್ಷರವೂ ಅತ್ತೆಗೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಅಳಿಯನ ಬಗ್ಗೆ ಕೇಳಿದರೆ 'ಡ್ಯೂಟಿಗೆ ಹೋಗಿದ್ದಾರೆ' ಎಂಬ ಉತ್ತರ ಸಿಗುತ್ತಿತ್ತು. ಅಮ್ಮನಿಗೆ ಬಿಪಿ ಇದೆ, ಆರು ತಿಂಗಳು ಹೇಗೋ ದಾಟಿಸಿ ಕಳಿಸಿಬಿಡೋಣ ಎಂದು ನನ್ನ ಗಂಡ ತೀರ್ಮಾನಿಸಿದ್ದರು. ನಾನು ಹೂಂ ಅಂದಿದ್ದೆ.

ಸೀರಿಯಲ್ ನಮ್ಮ ಮನೆಗೆ ಬಂದದ್ದೂ ಮೆಲ್ಬರ್ನಿನ ನೆಪದಲ್ಲೇ. ಬಂದ ಮೊದಲ ವಾರ ಅತ್ತೆ ರಿಮೋಟ್ ಒತ್ತುತ್ತಾ ಕೂತಿದ್ದಾಗ ತೆರೆಯ ಮೇಲೆ ಟ್ರಾಮ್ ಒಂದು ಹಾದುಹೋಯಿತು. ಅದು ಮೆಲ್ಬರ್ನ್ ಎಂದು ನಾನು ಹೇಳಿದ್ದೇ ತಪ್ಪಾಯಿತು. ಅತ್ತೆ ರಿಮೋಟನ್ನು ಸೆರಗಿನಡಿ ಇಟ್ಟುಕೊಂಡರು. ಮಗಳ ಬೀದಿ ಎಲ್ಲಾದರೂ ಕಂಡೀತು ಎಂದು ಕಾದರು. ಟ್ರಾಮಿನ ಹಿಂದೆಯೇ ಸಮುದ್ರದಂಡೆಯ ಒಂದು ಮೋಟೆಲ್ ಬಂತು. ಮೋಟೆಲಿನ ಕಿಟಕಿ ಬಂತು, ಕಿಟಕಿಯೊಳಗೆ ಟವೆಲ್ ಸುತ್ತಿಕೊಂಡ ಇಬ್ಬರು ಬಂದರು.

ಅದು ವಾರಕ್ಕೆ ನಾಲ್ಕು ದಿನ, ಸಂಜೆ ಏಳೂವರೆಗೆ ಬರುತ್ತಿದ್ದ, ಇಲ್ಲಿಯವರೇ ಸ್ವಲ್ಪ ಮುಜುಗರದಿಂದ ನೋಡುತ್ತಿದ್ದ ಸೀರಿಯಲ್. ಮೋಟೆಲಿನ ಒಡತಿ, ಅವಳ ಕೆಂಪು ಕೂದಲಿನ ಮಗಳು, ಆ ಮಗಳ ಹಿಂದೆ ಬಿದ್ದ ಟ್ರಾಮ್ ಡ್ರೈವರ್. ಇವರ ಸುತ್ತ ಬಂದುಹೋಗುವ ಲಾಡ್ಜ್ ಗಿರಾಕಿಗಳು. ಯಾರು ಯಾರ ಕೋಣೆಯಿಂದ ಹೊರಬರುತ್ತಾರೆ ಎಂಬುದೇ ಕಥೆ. ಒಂಬತ್ತು ವರ್ಷದ ನನ್ನ ಮಗಳನ್ನು ಏಳೂವರೆಗೆ ಹೋಮ್‌ವರ್ಕ್ ಎಂದು ಮೇಲೆ ಅಟ್ಟುತ್ತಿದ್ದೆ. ಅವಳು 'ದಿಸ್ ಈಸ್ ಸೋ ಅನ್‌ಫೇರ್' ಎಂದು ಮೆಟ್ಟಿಲು ಹತ್ತುತ್ತಿದ್ದಳು. ಕೆಳಗೆ ನಾವಿಬ್ಬರೇ. ಅತ್ತೆ ತೆರೆಯ ಕಡೆ ಬೆರಳು ತೋರಿಸಿ ಯಾರು, ಏನು, ಯಾಕೆ ಎಂದು ಕೇಳುವುದು, ನಾನು ಹೇಳುವುದು.

ಮೊದಲ ದಿನವೇ ನಾನು ಟವೆಲಿನವರಿಬ್ಬರನ್ನೂ ಗಂಡ ಹೆಂಡತಿ ಮಾಡಿಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಹಾಗೇ ಬಂತು. ಒಂದು ಸಲ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟ. ಒಟ್ಟಿಗೆ ಕಂಡವರಿಗೆಲ್ಲ ಮದುವೆ ಮಾಡಿಸುತ್ತಾ ಹೋದೆ. ಹೆಂಡತಿಯನ್ನು ಬಿಟ್ಟ ಗಂಡಸರನ್ನು ಏನು ಮಾಡುವುದು? ಅವರನ್ನು ದುಬೈಗೆ ಕಳಿಸಿದೆ. ನಮ್ಮ ಕಡೆ ಮನೆಯಲ್ಲಿ ಕಾಣದ ಗಂಡಸು ಇರುವುದೇ ಅಲ್ಲಿ. ಅತ್ತೆಯೂ 'ಓ, ದುಬೈಯಾ' ಎಂದು ತಲೆಯಾಡಿಸುತ್ತಿದ್ದರು. ಒಂದೇ ತಿಂಗಳಲ್ಲಿ ಮೂವರು ದುಬೈ ಸೇರಿದರು. ಕೊಲೆ, ಕಳ್ಳತನ, ವಿಲ್ ತಿದ್ದುವುದು ಇವನ್ನೆಲ್ಲ ಮಾತ್ರ ಇದ್ದದ್ದು ಇದ್ದಹಾಗೇ ಹೇಳಿದೆ. ಅದರಲ್ಲಿ ನನಗೆ ಸಂಕೋಚವೇ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಆಗ ನನ್ನನ್ನು ನಾನೇ ಕೇಳಿಕೊಂಡಿದ್ದರೆ ಒಳ್ಳೆಯದಿತ್ತು.

ಎಡವಟ್ಟಾದದ್ದು ಕೆಂಪು ಕೂದಲಿನವಳ ವಿಷಯದಲ್ಲಿ. ಟ್ರಾಮ್ ಡ್ರೈವರ್ ಅವಳ ಕೋಣೆಯಲ್ಲಿ ಸಿಕ್ಕಿಬಿದ್ದ ದಿನ ಅವಳ ಅಮ್ಮ ಚಪ್ಪಲಿ ಎಸೆದು ಕೂಗಾಡಿದಳು. ಗಂಡನೇ ಆದರೆ ಅಮ್ಮ ಯಾಕೆ ಕೂಗಬೇಕು ಎಂದು ಅತ್ತೆ ಕೇಳಿದರು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಮದುವೆ ಇನ್ನೂ ಆಗಿಲ್ಲ, ಆದರೆ ಹುಡುಗ ಸಂಬಂಧದವನೇ ಎಂದೆ. ಯಾವ ಸಂಬಂಧ ಎಂದರು. ಅವಳ ಚಿಕ್ಕಮ್ಮನ ಮಗ ಎಂದು ಹೇಳಿ ಅಡುಗೆಮನೆಗೆ ಓಡಿದೆ.

ನನ್ನ ತಂದೆಯ ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ಸುತ್ತಿ ಬೆಳೆದವಳು ನಾನು. ನಮ್ಮವರಲ್ಲಿ ಬಳಿ ಎಂಬುದೊಂದಿದೆ, ಅದು ತಾಯಿಯ ಕಡೆಯಿಂದ ಮಕ್ಕಳಿಗೆ ಬರುತ್ತದೆ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ ಎನ್ನುವುದೆಲ್ಲ ನನಗೆ ತಿಳಿದದ್ದು ನನ್ನ ಮದುವೆಯ ಮಾತುಕತೆಯಲ್ಲಿ. ಸೋದರತ್ತೆಯ ಮಗ ಎಂದಿದ್ದರೆ ಕಥೆ ಸಲೀಸಾಗಿ ಸಾಗುತ್ತಿತ್ತು. ಚಿಕ್ಕಮ್ಮನ ಮಗ ಎಂದರೆ ಒಂದೇ ಬಳಿ, ತಮ್ಮನೇ ಆದಂತೆ. ನಾನು ಸಾರು ಇಳಿಸಿ ಬರುವಷ್ಟರಲ್ಲಿ ಅತ್ತೆ ಟಿವಿ ಆರಿಸಿ ಕೋಣೆಗೆ ಹೋಗಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮರುದಿನ ಏಳೂವರೆಗೆ ಸೋಫಾ ಖಾಲಿ. ಅದರ ಮರುದಿನವೂ ಖಾಲಿ. ಎಂಥೆಂಥ ದೃಶ್ಯಗಳನ್ನು ಕಣ್ಣು ಮಿಟುಕಿಸದೆ ನೋಡಿದ ಹೆಂಗಸು ಈ ಒಂದು ಮಾತಿಗೆ ಎರಡು ದಿನ ಮುಖ ಸಿಂಡರಿಸಿಕೊಂಡಿದ್ದರು. ಮೂರನೆಯ ದಿನ ನನಗೇ ತಡೆಯಲಾಗಲಿಲ್ಲ. ಅವರ ಮಂಚದ ಮೇಲೆ ಕೂತು ಒಪ್ಪಿಕೊಂಡೆ. ನಾನು ಹೇಳಿದ್ದು ತಪ್ಪು, ಅವರಿಬ್ಬರಿಗೂ ಏನೂ ಸಂಬಂಧವಿಲ್ಲ, ಮದುವೆಯೂ ಇಲ್ಲ, ಸುಮ್ಮನೆ ಒಟ್ಟಿಗೆ ಇದ್ದಾರೆ ಎಂದೆ.

ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದರು.

"ಹಾಗಾದ್ರೆ ತೊಂದ್ರೆ ಇಲ್ಲ ಮಾರಾಯ್ತಿ. ಟಿವಿ ಹಾಕು."

ನನಗೆ ಕುಣಿಯುವಷ್ಟು ಖುಷಿಯಾಯಿತು. ಮದುವೆಯಿಲ್ಲದೆ ಒಟ್ಟಿಗಿದ್ದರೆ ತೊಂದರೆಯಿಲ್ಲವಂತೆ! ಗಂಡ ಬಂದ ಕೂಡಲೇ ಹೇಳಿದೆ, ನಾಳೆಯೇ ಮೆಲ್ಬರ್ನಿನ ವಿಷಯ ತಿಳಿಸಿಬಿಡೋಣ ಎಂದೆ. ಅವರು ಶೂ ಬಿಚ್ಚುತ್ತಾ, ಸೀರಿಯಲ್ಲಿನ ಹುಡುಗಿಯೂ ಸ್ವಂತ ಮಗಳೂ ಒಂದೇ ಅಲ್ಲ, ನೀನು ಅಮ್ಮನ ತಲೆಯಲ್ಲಿ ಇಂಥದ್ದನ್ನೆಲ್ಲ ತುಂಬಬೇಡ ಎಂದರು. ನಾನು ವಾದ ಮಾಡಬಹುದಿತ್ತು, ಮಾಡಲಿಲ್ಲ. ಮುಂದಿನ ವಾರವೇ ಕೆಂಪು ಕೂದಲಿನವಳಿಗೂ ಡ್ರೈವರಿಗೂ ರಿಜಿಸ್ಟರ್ ಮದುವೆ ಮಾಡಿಸಿ ಕೈತೊಳೆದುಕೊಂಡೆ. ತೆರೆಯ ಮೇಲೆ ಅವರು ಯಾವುದೋ ಫಾರ್ಮಿಗೆ ಸಹಿ ಹಾಕುತ್ತಿದ್ದರು, ಪಾರ್ಕಿಂಗ್ ಪರ್ಮಿಟ್ ಇರಬೇಕು. ಅದನ್ನೇ ಬಳಸಿಕೊಂಡೆ. ಅತ್ತೆ ನಂಬಿದಂತೆ ಕಂಡಿತು.

ಅಷ್ಟರಲ್ಲಿ ಸೀರಿಯಲ್ ನಮ್ಮ ಸಬರ್ಬಿನ ಹಿರಿಯರಲ್ಲಿ ಭಾರೀ ಹೆಸರು ಮಾಡಿತು. ಬೆಳಗ್ಗೆ ಕೆರೆಯ ಸುತ್ತ ವಾಕಿಂಗ್ ಹೋಗುವಾಗ ಅತ್ತೆಗೆ ಇಬ್ಬರು ಜೊತೆಯಾಗಿದ್ದರು. ಮೈಸೂರಿನ ಒಬ್ಬ ನಿವೃತ್ತ ಹೆಡ್‌ಮಾಸ್ಟರು, ಹಾಸನದ ಒಬ್ಬ ಆಂಟಿ. ಇಬ್ಬರೂ ತಮ್ಮ ತಮ್ಮ ಮಗನ ಮನೆಗೆ ಬಂದವರು. ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತರೆ ಅತ್ತೆ ಹಿಂದಿನ ಸಂಜೆಯ ಕಥೆ ಹೇಳಲು ಶುರು. ವಾರ ಕಳೆಯುವಷ್ಟರಲ್ಲಿ ಆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಏಳೂವರೆಗೆ ಅದೇ ಚಾನೆಲ್ ಹಾಕಿಸಿದರು. ಅವರ ಮಕ್ಕಳು ಸೊಸೆಯರು ನನ್ನ ಹಾಗೆಯೇ ಪಕ್ಕದಲ್ಲಿ ಕೂತು ಅರ್ಥ ಹೇಳಬೇಕಾಯಿತು. ಹೆಡ್‌ಮಾಸ್ಟರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೆ ಇಲ್ಲಿಯವರ ಉಚ್ಚಾರ ಇಂಗ್ಲಿಷೇ ಅಲ್ಲ ಎಂದು ಅವರ ವಾದ.

ತಮಾಷೆ ಶುರುವಾದದ್ದು ಆಮೇಲೆ. ಬೆಳಗ್ಗೆ ಬೆಂಚಿನ ಮೇಲೆ ಮೂವರ ಕಥೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ದುಬೈಗೆ ಹೋದವನು ಹೆಡ್‌ಮಾಸ್ಟರ ಮನೆಯಲ್ಲಿ ಡೈವೋರ್ಸ್ ಕೊಟ್ಟು ಹೋಗಿದ್ದ. ಹೆಡ್‌ಮಾಸ್ಟರ ಮನೆಯಲ್ಲಿ ಇಡೀ ಮೋಟೆಲ್ ಬೆಳಗಿನಿಂದ ಸಂಜೆಯವರೆಗೆ ಆ್ಯಪಲ್ ಜ್ಯೂಸ್ ಕುಡಿಯುತ್ತಿತ್ತು. ಹಾಸನದ ಆಂಟಿಯ ಮನೆಯಲ್ಲಿ ಅದೇ ಜ್ಯೂಸ್ ಬಿಯರ್ ಆಗಿತ್ತು. ಕೆಲಸದಿಂದ ಕಿತ್ತುಹಾಕಲ್ಪಟ್ಟ ಮೋಟೆಲಿನ ಅಡುಗೆಯವನು ಆ ಆಂಟಿಯ ಮನೆಯಲ್ಲಿ ಮಾತ್ರ ಲಾಂಗ್ ಲೀವ್ ಮೇಲಿದ್ದ. ಒಂದು ಶನಿವಾರ ನಾನೂ ಬೆಂಚಿನವರೆಗೆ ಹೋಗಿದ್ದಾಗ ಈ ಮೂವರ ಪಂಚಾಯಿತಿಯನ್ನು ಕಿವಿಯಾರೆ ಕೇಳಿದೆ. ಯಾರ ಮನೆಯದು ಸರಿ ಎಂದು ಹೆಡ್‌ಮಾಸ್ಟರು ಪಾಠ ಒಪ್ಪಿಸಿಕೊಳ್ಳುವ ಹಾಗೆ ನನ್ನನ್ನು ಕೇಳುತ್ತಿದ್ದರು. ನಾನು ತಲೆನೋವೆಂದು ಅಲ್ಲಿಂದ ಜಾಗ ಖಾಲಿ ಮಾಡಿದೆ.

ಮನೆಗೆ ಬಂದ ಮೇಲೆ ಅದೇ ತಲೆಯಲ್ಲಿ ಕೊರೆಯತೊಡಗಿತು. ಒಂದೇ ಸೀರಿಯಲ್, ಒಂದೇ ಹೊತ್ತು. ಪ್ರತಿ ಮನೆಯೂ ಅದರಲ್ಲಿ ಒಂದನ್ನು ಮಾತ್ರ ಮುಚ್ಚುತ್ತದೆ, ಉಳಿದದ್ದನ್ನು ಧಾರಾಳವಾಗಿ ಬಿಡುತ್ತದೆ. ಯಾಕೆ? ನನಗೆ ಇದೊಂದು ಆಟವಾಯಿತು. ಸಂಜೆ ಅತ್ತೆಯಿಂದ ಬೆಂಚಿನ ವರದಿ ಕೇಳುವುದು, ಯಾರ ಮನೆಯಲ್ಲಿ ಏನು ಕತ್ತರಿಸಿದರು ಎಂದು ಲೆಕ್ಕ ಹಾಕುವುದು. ನನಗೊಬ್ಬಳಿಗೇ ಈ ಕುತೂಹಲ ಎಂದುಕೊಂಡಿದ್ದೆ. ಒಂದು ದಿನ ಬೀನ್ಸ್ ನಾರು ತೆಗೆಯುತ್ತಾ ಅತ್ತೆ, ಹಾಸನದವರ ಮಗನ ಕೆಲಸ ಹೋಗಿದೆ ಅಂತ ಕಾಣ್ತದೆ, ಎಂದರು. ಹೇಗೆ ಗೊತ್ತು ಎಂದರೆ, ಆ ಅಡುಗೆಯವನನ್ನು ಅವರ ಮನೆಯಲ್ಲಿ ಮಾತ್ರ ಕೆಲಸದಿಂದ ತೆಗೆಯಲಿಲ್ಲವಲ್ಲ ಎಂದರು. ನಾನು ನಕ್ಕೆ. ಹದಿನೈದು ದಿನ ಬಿಟ್ಟು ಗೊತ್ತಾಯಿತು, ಆ ಹುಡುಗ ಎರಡು ತಿಂಗಳಿನಿಂದ ಬೆಳಗ್ಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಆಫೀಸಿಗೆಂದು ಹೊರಟು ಲೈಬ್ರರಿಯಲ್ಲಿ ಕೂತು ಬರುತ್ತಿದ್ದನಂತೆ. ಹೆಡ್‌ಮಾಸ್ಟರ ಮಗನ ಗರಾಜಿನಲ್ಲಿ ಬಿಯರಿಗೆಂದೇ ಪ್ರತ್ಯೇಕ ಫ್ರಿಜ್ ಇರುವುದು ನಮಗೆಲ್ಲ ಮೊದಲೇ ಗೊತ್ತಿತ್ತು.

ಲೈಬ್ರರಿಯ ಸುದ್ದಿ ತಿಳಿದ ರಾತ್ರಿಯಿಂದ ನನಗೆ ಸಣ್ಣಗೆ ಹೆದರಿಕೆ ಹತ್ತಿತು. ಬೇರೆಯವರ ಮನೆಯನ್ನು ಇಷ್ಟು ಚೆನ್ನಾಗಿ ಓದುವವರು ನಮ್ಮ ಮನೆಯನ್ನು ಓದದೆ ಬಿಟ್ಟಾರೆಯೇ? ಆದರೆ ಅತ್ತೆ ಏನೂ ತೋರಿಸಿಕೊಳ್ಳಲಿಲ್ಲ. ಮೆಲ್ಬರ್ನಿಗೆ ಯಾವಾಗ ಎಂದು ಮಾತ್ರ ಕೇಳುತ್ತಿದ್ದರು. ಮೊದಲ ಸಲ ಫ್ಲೈಟ್ ಸಿಗುತ್ತಿಲ್ಲ ಎಂದೆವು. ಎರಡನೆಯ ಸಲ ಅವಳು ಮನೆ ಬದಲಾಯಿಸುತ್ತಿದ್ದಾಳೆ ಎಂದೆವು. ಮೂರನೆಯ ಸಲ ಅವಳಿಗೆ ಟ್ರೈನಿಂಗ್ ಎಂದೆವು. ಮೂರನೆಯದರ ನಂತರ ಅವರು ಕೇಳುವುದನ್ನು ಬಿಟ್ಟರು. ನಮ್ಮ ಉಪಾಯ ಫಲಿಸಿತೆಂದು ನನ್ನ ಗಂಡನಿಗೆ ಸಮಾಧಾನ. ನನಗೆ ಸಮಾಧಾನವಿರಲಿಲ್ಲ.

ಸೀರಿಯಲ್ ಇಳಿಮುಖವಾದದ್ದು ಇದೇ ಹೊತ್ತಿಗೆ. ನೋಡುವವರು ಕಡಿಮೆಯಾದರೋ, ದೂರು ಕೊಟ್ಟವರು ಜಾಸ್ತಿಯಾದರೋ, ನನಗೆ ತಿಳಿಯದು. ಚಾನೆಲಿನವರು ಅದಕ್ಕೆ ಸ್ನಾನ ಮಾಡಿಸಿ, ತಲೆ ಬಾಚಿ, ಮರ್ಯಾದಸ್ಥ ಬಟ್ಟೆ ತೊಡಿಸಿದರು. ಟವೆಲ್‌ಗಳು ಮಾಯವಾದವು. ಮೋಟೆಲಿನ ಒಡತಿ ಅನಾಥ ನಾಯಿಗಳನ್ನು ಸಾಕತೊಡಗಿದಳು. ಒಬ್ಬನಿಗೆ ನೆನಪು ಹೋಯಿತು, ಇನ್ನೊಬ್ಬಳಿಗೆ ಅವಳಿ ತಂಗಿ ಹುಟ್ಟಿಕೊಂಡಳು, ಗ್ಯಾಸ್ ಸ್ಫೋಟವೊಂದಾಯಿತು. ನಾಲ್ಕು ದಿನ ಬರುತ್ತಿದ್ದದ್ದು ಎರಡಾಗಿ ಆಮೇಲೆ ಒಂದಕ್ಕೆ ನಿಂತಿತು. ಬೆಂಚಿನ ಮೇಲೂ ಬರ ಬಂತು. ಹೆಡ್‌ಮಾಸ್ಟರ ವೀಸಾ ಮುಗಿದು ಅವರು ಮೈಸೂರಿಗೆ ಹೊರಟುಹೋದರು. ಹಾಸನದ ಆಂಟಿಯ ಮನೆಯವರು ರೆಂಟ್ ಕಡಿಮೆಯೆಂದು ಸಿಡ್ನಿಯದೇ ಇನ್ನೊಂದು ಮೂಲೆಯ ಲಿವರ್‌ಪೂಲ್ ಕಡೆಗೆ ಹೋದರು. ಅತ್ತೆ ಒಬ್ಬರೇ ಕೆರೆ ಸುತ್ತಿ ಬರುತ್ತಿದ್ದರು.

ಕೊನೆಗೆ ಸೀರಿಯಲಿನವರು ನನ್ನ ಕತ್ತಿಗೇ ತಂದರು. ಒಂದು ಗುರುವಾರ, ಕಡಲ ದಂಡೆಯಲ್ಲಿ, ಬಿಳಿ ಗೌನು, ಹೂವಿನ ಕಮಾನು, ಪಾದ್ರಿ ಎಲ್ಲ ಸೇರಿಸಿ ಕೆಂಪು ಕೂದಲಿನವಳಿಗೂ ಟ್ರಾಮ್ ಡ್ರೈವರಿಗೂ ಮದುವೆ ಮಾಡಿಬಿಟ್ಟರು. ನಾನು ನಾಲ್ಕು ತಿಂಗಳ ಹಿಂದೆಯೇ ಮಾಡಿಸಿದ್ದವರಿಗೆ! ಇವರಿಗೆ ಆಗಲೇ ಆಗಿತ್ತಲ್ಲ ಎಂದು ಅತ್ತೆ ಕೇಳಿದರು. ಇದು ರಿಸೆಪ್ಷನ್ ಎಂದೆ. ಅವರು ಉಂಗುರ ತೊಡಿಸುವುದನ್ನೂ ಸಹಿ ಹಾಕುವುದನ್ನೂ ಪೂರ್ತಿ ನೋಡಿದರು. ನನ್ನ ಕಡೆ ತಿರುಗಲಿಲ್ಲ.

ಅದರ ಮುಂದಿನ ತಿಂಗಳು ಸೀರಿಯಲ್ಲೇ ಮುಗಿಯುತ್ತದೆ ಎಂದು ಸುದ್ದಿ ಬಂತು. ಕೊನೆಯ ಕಂತಿನ ದಿನ ನಾನು ಚಕ್ಕುಲಿ, ಚಹಾ ಎಲ್ಲ ಸಿದ್ಧಮಾಡಿ ಟಿವಿ ಹಾಕಿದೆ. ಅತ್ತೆ ರಿಮೋಟ್ ತೆಗೆದುಕೊಂಡು ಆರಿಸಿದರು. ಎಲ್ಲರಿಗೂ ಮದುವೆ ಮಾಡಿಸಿ ಕೂರಿಸಿದ ಮೇಲೆ ನೋಡಲಿಕ್ಕೆ ಏನುಂಟು ಎಂದರು. ಆಮೇಲೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಜಗಳದ ದನಿಯಲ್ಲಲ್ಲ, ದಿನದ ದನಿಯಲ್ಲೇ ಮಾತಾಡಿದರು.

"ನೀನು ಕೊಲೆ ಅಡಗಿಸ್ಲಿಲ್ಲ, ಕುಡಿಯೂದು ಅಡಗಿಸ್ಲಿಲ್ಲ. ಒಟ್ಟಿಗೆ ಇದ್ದವ್ರಿಗೆಲ್ಲ ಮದುವೆ ಮಾಡಿದೆ. ಬಿಟ್ಟು ಹೋದವ್ರನ್ನೆಲ್ಲ ದುಬೈಗೆ ಕಳಿಸಿದೆ. ನನ್ನ ಅಳಿಯನೂ ದುಬೈಯಲ್ಲೇ ಇದ್ದಾನಾ ಮಗಾ?"

ನಾನು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅಳಿಯ ಹೋದದ್ದು, ಎರಡು ವರ್ಷವಾದದ್ದು, ಈಗ ಇರುವವನ ವಿಷಯ. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ನಾಡಿದ್ದಿಗೆ ಟಿಕೆಟ್ ಬುಕ್ ಮಾಡು ಎಂದರು. ಮಗನಿಗೆ ನೀನೇ ಹೇಳು ಎಂದರು. ನನ್ನ ಗಂಡ ಒಂದು ಗಂಟೆ ಹೊತ್ತು ಮನೆಯೊಳಗೆ ಅತ್ತಿತ್ತ ತಿರುಗಿದರು. ಬಿಪಿ ಮಾತ್ರೆ ಎಲ್ಲಿದೆ ಎಂದು ಎರಡು ಸಲ ಕೇಳಿದರು. ಕೊನೆಗೆ ಆ ವಾರ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆಯೆಂದು ನನ್ನನ್ನೇ ಕಳಿಸಿದರು.

ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಅತ್ತೆ ಕಿಟಕಿಯ ಪಕ್ಕ ಕೂತು, ಇಷ್ಟು ಹತ್ತಿರವಾ, ಎಂದರು. ಅವರು ಅಲ್ಲಿ ಏನು ಹೇಳಬಹುದು, ಬೈಯುತ್ತಾರೋ, ಅಳುತ್ತಾರೋ, ಆ ಮನುಷ್ಯನನ್ನು ಮಾತಾಡಿಸುತ್ತಾರೋ ಎಂದು ನಾನು ದಾರಿಯುದ್ದಕ್ಕೂ ಊಹಿಸುತ್ತಲೇ ಇದ್ದೆ. ಸೀರಿಯಲ್ಲಿನ ಮುಂದಿನ ಕಂತಿಗೆ ಕಾದ ಹಾಗೆಯೇ ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನಾದಿನಿ ಒಬ್ಬಳೇ ಇದ್ದಳು. ಅವನನ್ನು ಸಂಜೆಯವರೆಗೆ ಹೊರಗೆ ಕಳಿಸಿದ್ದಳಂತೆ. ನೀರುದೋಸೆ ಮಾಡಿಟ್ಟಿದ್ದಳು, ಯಾರೂ ಮುಟ್ಟಲಿಲ್ಲ. ಊಟದ ಮೇಜಿನ ಆಚೆ ಅವಳು, ಈಚೆ ನಾವಿಬ್ಬರು. ಅವಳು ಹೇಳಬೇಕಾದದ್ದನ್ನು ಅಭ್ಯಾಸ ಮಾಡಿಕೊಂಡಿದ್ದಳು ಎಂದು ಕಾಣುತ್ತದೆ. ಮೊದಲ ವಾಕ್ಯ ತುಳುವಿನಲ್ಲಿ ಶುರುವಾಗಿ ಇಂಗ್ಲಿಷಿಗೆ ಹೋಯಿತು. ಅತ್ತೆ ಕೈಯೆತ್ತಿ ನಿಲ್ಲಿಸಿದರು. ಈಗ ಇರುವವನ ವಿಷಯ ಆಮೇಲೆ ಹೇಳು, ಸಂಜೆ ಅವನೇ ಬರುತ್ತಾನಲ್ಲ, ನೋಡುತ್ತೇನೆ ಎಂದರು. ಅವರಿಗೆ ಬೇಕಾದದ್ದು ಬೇರೆ ಇತ್ತು.

"ಅವ ಬಿಟ್ಟು ಹೋದ ದಿನ ನಿನ್ನ ಹತ್ರ ಯಾರಿದ್ರು?"

ನಾದಿನಿ ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಯಾರೂ ಇರಲಿಲ್ಲ ಎಂದಳು. ನಾಲ್ಕು ದಿನ ಕೆಲಸಕ್ಕೆ ಹೋಗಿರಲಿಲ್ಲ, ಪರದೆ ತೆಗೆದಿರಲಿಲ್ಲ, ಬ್ರೆಡ್ ಇತ್ತು, ಅದನ್ನೇ ತಿಂದೆ ಎಂದಳು. ಐದನೆಯ ದಿನ ಭಾನುವಾರ, ಅಮ್ಮನ ಫೋನ್ ಬರುವ ದಿನ ಅಂತ ಎದ್ದು ತಲೆ ಬಾಚಿಕೊಂಡೆ ಎಂದಳು.

ಅತ್ತೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅನುಮಾನವೇನೂ ಇರಲಿಲ್ಲ. ಗೊತ್ತಿರುವುದನ್ನು ಇನ್ನೊಮ್ಮೆ ಕೇಳಿ ನೆಮ್ಮದಿ ಪಡುವವರ ಹಾಗೆ ಕೇಳಿದರು.

"ನೀನು ಬಂದಿದ್ದಿಯಲ್ಲ, ಮಗಾ? ನಿಮಗೆ ಗೊತ್ತಿತ್ತಲ್ಲ."

ನಮಗೆ ಅದೇ ದಿನ ಗೊತ್ತಾಗಿತ್ತು. ಅವಳು ಫೋನ್ ಮಾಡಿದ್ದಳು. ಆ ಶನಿವಾರ ನಮ್ಮ ಮನೆಗೆ ಕಾರ್ಪೆಟ್ ಹಾಕುವವರು ಬರುವವರಿದ್ದರು, ಅವರನ್ನು ಬುಕ್ ಮಾಡಲು ಆರು ವಾರ ಕಾದಿದ್ದೆವು. ಅಮ್ಮನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇವೆ, ಅದರ ಚಿಂತೆ ನಿನಗೆ ಬೇಡ ಎಂದು ನಾನು ಅವಳಿಗೆ ಧೈರ್ಯ ಹೇಳಿದ್ದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

"ಇಲ್ಲ ಅತ್ತೆ," ಎಂದೆ. "ಬರ್ಲಿಲ್ಲ."

ಅತ್ತೆ ಎದ್ದು, ತಮ್ಮ ಕುರ್ಚಿಯನ್ನು ಎಳೆದುಕೊಂಡು ಮೇಜಿನ ಆಚೆಗೆ ಹೋಗಿ ಮಗಳ ಪಕ್ಕದಲ್ಲಿ ಕೂತರು. ಈಚೆ ನಾನೊಬ್ಬಳೇ ಉಳಿದೆ.